ಇವತ್ತು ಮಳೆ ಬರುತ್ತದೆಯೇ? ಹವಾಮಾನದ ಬಗ್ಗೆ ನಮ್ಮ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವನು ನಾನು. ನಿವೃತ್ತನಾದ ಮೇಲೆ ಹೊಲದಲ್ಲಿ ಒಂದು ಮಳೆಮಾಪಕ ನೆಟ್ಟುಕೊಂಡೆ. ಅಂದಿನಿಂದ ಬಿತ್ತುವವರು, ಔಷಧ ಹೊಡೆಯುವವರು, ಮಗಳ ಮದುವೆ ಮಾಡುವವರು, ಭೀಮಾ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರು ಎಲ್ಲರೂ ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ಒಂದೇ ಉತ್ತರವನ್ನು ನೂರು ಸಲ ಹೇಳಿ ಬಾಯಿ ಒಣಗಿದೆ. ಹಾಗಾಗಿ ಬರೆದಿಡುತ್ತಿದ್ದೇನೆ. ಪ್ರಶ್ನೆಗಳು ಬಂದ ಹಾಗೆಯೇ ಇವೆ. ಕೆಲವದರಲ್ಲಿದ್ದ ಬೈಗುಳವನ್ನು ಮಾತ್ರ ತೆಗೆದಿದ್ದೇನೆ.

ಮೊಬೈಲ್‌ನಲ್ಲಿ ‘ಮಳೆ ಸಾಧ್ಯತೆ ಶೇ 40’ ಎಂದಿತ್ತು. ಒಂದು ಹನಿಯೂ ಬೀಳಲಿಲ್ಲ. ಇದು ಸುಳ್ಳಲ್ಲವೇ, ಗುರುಗಳೇ?

ಸುಳ್ಳಲ್ಲ. ಇಂಥದೇ ಗಾಳಿ, ಇಂಥದೇ ತೇವ ಇರುವ ಹತ್ತು ದಿನಗಳು ಸಿಕ್ಕರೆ ಅದರಲ್ಲಿ ಸುಮಾರು ನಾಲ್ಕು ದಿನ ಮಳೆಯಾಗುತ್ತದೆ, ಆರು ದಿನ ಆಗುವುದಿಲ್ಲ ಎಂದಷ್ಟೇ ಅದರ ಅರ್ಥ. ನಿಮಗೆ ಸಿಕ್ಕಿದ್ದು ಆ ಆರರಲ್ಲಿ ಒಂದು. ಹೊಲದ ಶೇ 40 ಭಾಗ ನೆನೆಯುತ್ತದೆ ಎಂದೂ ಅಲ್ಲ, ದಿನದ ಶೇ 40 ಹೊತ್ತು ಸುರಿಯುತ್ತದೆ ಎಂದೂ ಅಲ್ಲ. ಎಷ್ಟು ಸುರಿಯುತ್ತದೆ ಎಂಬ ಮಾತನ್ನಂತೂ ಆ ಅಂಕಿ ಎತ್ತುವುದೇ ಇಲ್ಲ. ಹನಿ ಉದುರಿ ಹೋದರೂ ಮಳೆಯೇ, ಬದು ಒಡೆದು ಹರಿದರೂ ಮಳೆಯೇ.

ಮುನ್ಸೂಚನೆ ಸರಿಯೋ ತಪ್ಪೋ ಎಂದು ಒಂದು ದಿನದಲ್ಲಿ ತೀರ್ಮಾನಿಸಲು ಬರುವುದಿಲ್ಲ. ಒಂದು ಹಂಗಾಮು ಪೂರ್ತಿ ಬರೆದಿಟ್ಟು, ‘ಶೇ 40’ ಎಂದ ದಿನಗಳನ್ನೆಲ್ಲ ಒಂದೆಡೆ ಸೇರಿಸಿ, ಅದರಲ್ಲಿ ಎಷ್ಟು ದಿನ ಮಳೆಯಾಯಿತು ಎಂದು ಎಣಿಸಬೇಕು. ಹಾಗೆ ಎಣಿಸಿ ಬಂದು ಬೈಯುವವರಿಗೆ ಚಹಾ ನನ್ನ ಲೆಕ್ಕದಲ್ಲಿ.

ಸರಿ, ಶೇ 40 ಎಂದರೆ ನಾನು ಏನು ಮಾಡಬೇಕು? ರಾಶಿಯ ಮೇಲೆ ತಾಡಪತ್ರಿ ಹಾಕಬೇಕೋ ಬೇಡವೋ?

ಇದು ಕೇಳಬೇಕಾದ ಪ್ರಶ್ನೆ. ಉತ್ತರ ಆಕಾಶಕ್ಕಿಂತ ಹೆಚ್ಚಾಗಿ ನಿಮ್ಮ ಕಣದಲ್ಲಿದೆ.

ಕಣದಲ್ಲಿ ತೊಗರಿ ರಾಶಿ ಬಿದ್ದಿದೆ ಎಂದುಕೊಳ್ಳಿ. ತಾಡಪತ್ರಿ ಬಾಡಿಗೆ, ಇಬ್ಬರ ಕೂಲಿ ಸೇರಿ 800 ರೂಪಾಯಿ. ಮುಚ್ಚದೆ ಬಿಟ್ಟು ನೆನೆದರೆ ಬಣ್ಣ ಕೆಟ್ಟು, ತೇವ ಹೆಚ್ಚಿ, ಅಡತಿಯಲ್ಲಿ ದರ ಇಳಿದು 16,000 ರೂಪಾಯಿ ನಷ್ಟ. 800 ಎಂಬುದು 16,000ದ ಇಪ್ಪತ್ತನೇ ಒಂದು ಪಾಲು, ಅಂದರೆ ಶೇ 5. ಹಾಗಾದರೆ ಮಳೆಯ ಸಾಧ್ಯತೆ ಶೇ 5ಕ್ಕಿಂತ ಹೆಚ್ಚಿದ್ದಾಗಲೆಲ್ಲ ಮುಚ್ಚುವುದೇ ಲಾಭ. ಶೇ 40 ಅಂತೂ ಯೋಚಿಸುವ ವಿಷಯವೇ ಅಲ್ಲ. ಇಪ್ಪತ್ತು ಸಲ ಮುಚ್ಚಿ ಹತ್ತೊಂಬತ್ತು ಸಲ ಮಳೆ ಬಾರದಿದ್ದರೂ ನೀವು ಸೋತಿಲ್ಲ.

ಈಗ ಲೆಕ್ಕ ತಿರುಗಿಸಿ. ಒಣ ಭೂಮಿಯಲ್ಲಿ ಮುಂಚಿತವಾಗಿ ಬಿತ್ತಿ ಮಳೆಗೆ ಕಾಯುವ ವಿಚಾರ. ಮಳೆ ಬಂದರೆ ನಾಲ್ಕು ದಿನ ಮುಂದೆ ಇರುತ್ತೀರಿ, ಅಷ್ಟೇ. ಬಾರದಿದ್ದರೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಮೂರೂ ಮಣ್ಣುಪಾಲು. ಇಲ್ಲಿ ಶೇ 40 ಏನೇನೂ ಸಾಲದು, ಶೇ 80 ಇದ್ದರೂ ನಾನು ಎರಡು ಸಲ ಯೋಚಿಸುತ್ತೇನೆ. ಒಂದೇ ದಿನ, ಒಂದೇ ಮುನ್ಸೂಚನೆ. ಒಬ್ಬ ತಾಡಪತ್ರಿ ಎಳೆಯಬೇಕು, ಇನ್ನೊಬ್ಬ ಬೀಜದ ಚೀಲ ಬಿಚ್ಚಬಾರದು. ‘ನಂಬಬೇಕೋ ಬೇಡವೋ’ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ‘ತಪ್ಪಿದರೆ ನಿನಗೆ ಎಷ್ಟು ಹೋಗುತ್ತದೆ?’ ಎಂದು.

ನಾನು ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ. ಒಂದು ವರ್ಷ ಆಗಸ್ಟ್ ಕೊನೆಯಲ್ಲಿ ಉದ್ದು ಕಿತ್ತು ಕಣದಲ್ಲಿ ಹರವಿದ್ದೆ. ಮೊಬೈಲ್ ತೆರೆದರೆ ಪರದೆಯ ಮೇಲೆ ಹಳದಿ ಸೂರ್ಯನ ಚಿತ್ರ. ಕೆಳಗೆ ಸಣ್ಣ ಅಕ್ಷರದಲ್ಲಿದ್ದ ‘ಶೇ 20’ ನೋಡಲೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಶುರುವಾದದ್ದು ಬೆಳಗಿನವರೆಗೆ ಸುರಿಯಿತು. ನಾಲ್ಕನೆಯ ದಿನ ಕಣದಲ್ಲಿ ಕಾಯಿಯೊಳಗೇ ಉದ್ದು ಬಿಳಿ ಮೊಳಕೆ ಬಿಟ್ಟಿತ್ತು. ಎಮ್ಮೆಗಳು ಸಂತೋಷಪಟ್ಟವು.

‘ಉತ್ತರ ಒಳನಾಡಿನ ಒಂದೆರಡು ಕಡೆ ಮಳೆ’ ಎಂದು ರೇಡಿಯೊದಲ್ಲಿ ಹೇಳುತ್ತಾರೆ. ಆ ಒಂದೆರಡು ಕಡೆ ಯಾವುವು?

ಊರಿನ ಹೆಸರು ಅವರಿಗೂ ಗೊತ್ತಿರುವುದಿಲ್ಲ. ಅದು ಹಂಚಿಕೆಯ ಭಾಷೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ, ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ಶೇ 25ರವರೆಗೆ ಮಳೆ ದಾಖಲಾಗುವಂತಿದ್ದರೆ ‘ಒಂದೆರಡು ಕಡೆ’. ಶೇ 26ರಿಂದ 50 ಆದರೆ ‘ಕೆಲವು ಕಡೆ’. ಶೇ 51ರಿಂದ 75 ಆದರೆ ‘ಹಲವು ಕಡೆ’. ಅದಕ್ಕೂ ಮೇಲೆ ‘ಬಹುತೇಕ ಎಲ್ಲ ಕಡೆ’. ಕನ್ನಡದಲ್ಲಿ ಹೇಳುವಾಗ ಪದ ಸ್ವಲ್ಪ ಆಚೀಚೆ ಆಗುತ್ತದೆ, ಏಣಿ ಮಾತ್ರ ಇದೇ.

ಗುಡುಗು ಮಳೆಯ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರು, ಅದರ ಆಯುಷ್ಯ ಒಂದು ಗಂಟೆಯ ಆಸುಪಾಸು. ಕಮಲಾಪುರದಲ್ಲಿ ಹಳ್ಳ ಬಂದಾಗ ಕಲಬುರಗಿಯಲ್ಲಿ ಧೂಳು ಏಳುವುದು ಇದರಿಂದಲೇ. ಬಂಗಾಳ ಕೊಲ್ಲಿಯಿಂದ ವಾಯುಭಾರ ಕುಸಿತ ಬಂದರೆ ಕತೆ ಬೇರೆ. ಅದು ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಯನ್ನೂ ಒಟ್ಟಿಗೆ ನೆನೆಸುತ್ತದೆ, ಅದನ್ನು ಮುಂಚಿತವಾಗಿ ಹೇಳುವುದೂ ಸುಲಭ.

ಹಳದಿ, ಕಿತ್ತಳೆ, ಕೆಂಪು ಎನ್ನುತ್ತಾರಲ್ಲ?

ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ಬಣ್ಣ ಹಚ್ಚುವಾಗ ಮಳೆಯ ಪ್ರಮಾಣದ ಜೊತೆಗೆ ಆಗಬಹುದಾದ ಹಾನಿಯನ್ನೂ ನೋಡುತ್ತಾರೆ. 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ 115.5ರವರೆಗೆ ಸುರಿದರೆ ‘ಭಾರಿ’, 115.6ರಿಂದ 204.4 ‘ಅತಿ ಭಾರಿ’, ಅದಕ್ಕೂ ಮೇಲೆ ‘ಅತ್ಯಂತ ಭಾರಿ’. ಹಳದಿ ಎಂದೊಡನೆ ‘ಮೇಘಸ್ಫೋಟ’ ಎಂದು ಕಿರುಚುವ ವಾಟ್ಸ್ಆ್ಯಪ್ ಸಂದೇಶಗಳನ್ನು ಮುಂದಕ್ಕೆ ಕಳಿಸಬೇಡಿ. ನನಗಂತೂ ಬೇಡ.

ಮಿಲಿಮೀಟರ್ ಎಂದರೆ ಉದ್ದ. ಮಳೆಯನ್ನು ಉದ್ದದಲ್ಲಿ ಅಳೆಯುವುದು ಹೇಗೆ?

ಬಿದ್ದ ನೀರು ಹರಿಯದೆ, ಇಂಗದೆ, ಆರದೆ ಬಿದ್ದಲ್ಲೇ ನಿಂತಿದ್ದರೆ ಎಷ್ಟು ಎತ್ತರ ಇರುತ್ತಿತ್ತೋ ಅದೇ ಮಳೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಎಕರೆಗೆ ಸುಮಾರು 4,000 ಲೀಟರ್. 25 ಮಿಲಿಮೀಟರ್ ಮಳೆ ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರು ಇಪ್ಪತ್ತು ಸಲ ಬಂದು ಸುರಿದು ಹೋದಂತೆ. ಮೇ ತಿಂಗಳಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟವರಿಗೆ ಈ ಲೆಕ್ಕ ಕೂಡಲೇ ಅರ್ಥವಾಗುತ್ತದೆ.

ಮನೆಯಲ್ಲೇ ಅಳೆಯಬಹುದೇ?

ಅಳೆಯಲೇಬೇಕು ಎಂಬುದು ನನ್ನ ಹಟ. ನೆಟ್ಟಗೆ ನಿಂತ ಗೋಡೆಗಳ, ಚಪ್ಪಟೆ ತಳದ ಡಬ್ಬಿ ಸಾಕು. ಬಾಯಿಯ ಅಗಲ, ತಳದ ಅಗಲ ಒಂದೇ ಇರಬೇಕು, ಇದೊಂದೇ ಷರತ್ತು. ತಂಪು ಪಾನೀಯದ ಬಾಟಲಿಯ ಕುತ್ತಿಗೆ ಕತ್ತರಿಸಿ ತಲೆಕೆಳಗಾಗಿ ಆಲಿಕೆಯಂತೆ ಕೂರಿಸುವುದಾದರೆ, ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಮೊದಲೇ ಹಾಕಿ ಅಲ್ಲಿಗೆ ಸೊನ್ನೆಯ ಗೆರೆ ಎಳೆಯಿರಿ. ಗೋಡೆ, ಮರದ ಎತ್ತರ ಎಷ್ಟಿದೆಯೋ ಅದರ ಎರಡು ಪಟ್ಟು ದೂರದಲ್ಲಿಡಿ. ಮಾಳಿಗೆಯ ಮೇಲೆ ಬೇಡ, ಅಲ್ಲಿ ಗಾಳಿ ಹನಿಯನ್ನು ಎಳೆದೊಯ್ಯುತ್ತದೆ.

ಓದುವುದು ಬೆಳಿಗ್ಗೆ 8:30ಕ್ಕೆ. ದೇಶದಾದ್ಯಂತ ಇದೇ ಹೊತ್ತು. ಹೀಗಾಗಿ ಸೋಮವಾರ ಸಂಜೆ ಸುರಿದ ಮಳೆ ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ. ‘ಸೋಮವಾರ ಅಷ್ಟು ಸುರಿದರೂ ಪತ್ರಿಕೆಯಲ್ಲಿ ಸೊನ್ನೆ ಹಾಕಿದ್ದಾರೆ’ ಎಂದು ಜಗಳಕ್ಕೆ ಬರುವವರಲ್ಲಿ ಅರ್ಧಕ್ಕರ್ಧ ಜನರ ಸಮಸ್ಯೆ ಇದೇ. ಇನ್ನೊಂದು: ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿ. ನೀರು ಅಂಚಿನಲ್ಲಿ ಗಾಜಿಗೆ ಅಂಟಿ ಮೇಲೇರಿರುತ್ತದೆ, ನಡುವಿನ ತಗ್ಗನ್ನೇ ಲೆಕ್ಕಕ್ಕೆ ಹಿಡಿಯಬೇಕು. ನಿಂತುಕೊಂಡು ಬಗ್ಗಿ ನೋಡಿ ‘ಮೂವತ್ತು’ ಎನ್ನುವವರ ಮಳೆಯನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಡಬ್ಬಿ ಸರ್ಕಾರಿ ದಾಖಲೆಯಾಗುವುದಿಲ್ಲ. ಅದಕ್ಕೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ಅವು ತಾವೇ ಅಳೆದು ಬೆಂಗಳೂರಿಗೆ ಅಂಕಿ ಕಳಿಸುತ್ತವೆ. ಆದರೆ ಆ ಮಾಪಕ ಪಂಚಾಯಿತಿಯ ಊರಿನಲ್ಲಿರುತ್ತದೆ, ನಿಮ್ಮ ಹೊಲ ಮೂರು ಮೈಲಿ ಆಚೆ. ಅಷ್ಟರಲ್ಲಿ ಎಷ್ಟು ವ್ಯತ್ಯಾಸ ಎಂದು ನಿಮ್ಮ ಡಬ್ಬಿ ಹೇಳುತ್ತದೆ.

ಮೊದಲ ಮಳೆ ಬಿತ್ತು. ಪಕ್ಕದ ಹೊಲದವರು ಕೂರಿಗೆ ಹೂಡಿದರು. ನಾನೂ ಬಿತ್ತಲೇ?

ನಮ್ಮ ಭಾಗದಲ್ಲಿ ಹೆಚ್ಚು ದುಡ್ಡು ಕಳೆಯುವುದು ಇಲ್ಲಿಯೇ. ಒಬ್ಬ ಬಿತ್ತಿದ ಎಂದು ಓಣಿಯೆಲ್ಲ ಬಿತ್ತುತ್ತದೆ, ಆಮೇಲೆ ಮಳೆ ಹದಿನೈದು ದಿನ ಮುಖ ತಿರುಗಿಸುತ್ತದೆ.

ಎರೆ ಭೂಮಿ ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿದಿರುತ್ತದೆ. ಮೊದಲ ಮಳೆಯ ನೀರಿನ ಒಂದು ಪಾಲು ಆ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಮೇಲೆ ಕಪ್ಪಗೆ, ನೆನೆದ ಹಾಗೆ ಕಾಣುತ್ತದೆ. ಗೇಣು ಕೆಳಗೆ ಒಣ ಹೆಂಟೆ. ಆದ್ದರಿಂದ ಮೊಬೈಲ್ ಜೇಬಿನಲ್ಲಿಟ್ಟು ಸಲಿಕೆ ತೆಗೆದುಕೊಳ್ಳಿ. ಹೊಲದ ಏರಿನಲ್ಲಿ ಒಂದು, ನಡುವೆ ಒಂದು, ತಗ್ಗಿನಲ್ಲಿ ಒಂದು ಕುಣಿ ತೋಡಿ. ಗೇಣು ಆಳದ ಮಣ್ಣು ಹಿಡಿದು ಮುಷ್ಟಿಯಲ್ಲಿ ಒತ್ತಿ. ಉಂಡೆಯೇ ಆಗದೆ ಪುಡಿಯಾದರೆ ಕಾಯಿರಿ. ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗೆ ಒಡೆದರೆ ಹದ ಬಂದಿದೆ. ಕೈಗೆ ಅಂಟಿಕೊಂಡು ಹೊಳೆದರೆ ಹಸಿ ಹೆಚ್ಚಾಗಿದೆ, ಕೂರಿಗೆಯ ತಾಳಿನಲ್ಲಿ ಮಣ್ಣು ಕಟ್ಟುತ್ತದೆ, ಒಂದೆರಡು ದಿನ ಬಿಡಿ.

ಹದ ಸಿಕ್ಕ ಮೇಲೆ ಮುನ್ಸೂಚನೆಯ ಸರದಿ. ಮುಂದಿನ ಐದು ದಿನದಲ್ಲಿ ಹಗುರ ಮಳೆ ಇದೆ ಎಂದರೆ ನಿಶ್ಚಿಂತೆಯಿಂದ ಬಿತ್ತಿ. ಬಿತ್ತಿದ ಮಾರನೆಯ ದಿನವೇ ಭಾರಿ ಮಳೆ ಎಂದರೆ ತಡೆಯಿರಿ. ಜಡಿ ಮಳೆಗೆ ಮೇಲ್ಮಣ್ಣು ಹೆಪ್ಪುಗಟ್ಟಿ ಮೊಳಕೆ ತಲೆ ಎತ್ತಲು ಒದ್ದಾಡುತ್ತದೆ. ಹೆಸರು, ಉದ್ದು ತಡವಾದರೆ ಕೈ ಕೊಡುತ್ತವೆ. ತೊಗರಿಗೆ ಹಾಗಿಲ್ಲ, ಜುಲೈ ಮಧ್ಯದವರೆಗೆ ತಾಳ್ಮೆಯಿದೆ. ಜೂನ್ ಕೈ ತಪ್ಪಿತೆಂದು ಹೆಸರಿನ ಬೀಜವನ್ನೇ ಹಿಡಿದು ಕೂರುವ ಬದಲು ತೊಗರಿಗೆ ಹೊರಳಿದವರು ನನ್ನ ಕಣ್ಣಮುಂದೆ ಬಚಾವಾಗಿದ್ದಾರೆ.

‘ಈ ವರ್ಷ ವಾಡಿಕೆಗಿಂತ ಹೆಚ್ಚು ಮಳೆ’ ಎಂದು ಏಪ್ರಿಲ್‌ನಲ್ಲೇ ಹೇಳಿದರು. ಅದನ್ನು ನಂಬಿ ಬೆಳೆ ಬದಲಿಸಬಹುದೇ?

ಬೇಡ. ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶಕ್ಕೆ ಹೇಳಿದ ಮಾತು. 1971ರಿಂದ 2020ರವರೆಗಿನ ಸರಾಸರಿ 87 ಸೆಂಟಿಮೀಟರ್. ಅದರ ಶೇ 96ರಿಂದ 104ರವರೆಗೆ ಬಿದ್ದರೆ ‘ವಾಡಿಕೆ’. ಮೇಘಾಲಯ, ರಾಜಸ್ಥಾನ, ಯಾದಗಿರಿ ಎಲ್ಲ ಆ ಒಂದು ಅಂಕಿಯಲ್ಲಿ ಅಡಗಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಟ್ಟು ಎಷ್ಟು ಎಂಬುದಷ್ಟೇ ಅಲ್ಲಿದೆ, ಯಾವಾಗ ಎಂಬುದಿಲ್ಲ. ಜುಲೈನಲ್ಲಿ ಮೂರು ವಾರ ಕೈಕೊಟ್ಟು ಸೆಪ್ಟೆಂಬರಿನಲ್ಲಿ ಒಮ್ಮೆಲೇ ಸುರಿದರೂ ಕಾಗದದ ಮೇಲೆ ‘ವಾಡಿಕೆ’ಯೇ. 2022ರ ಹಂಗಾಮಿನಲ್ಲಿ ಮಳೆಗೆ ಕೊರತೆ ಇರಲಿಲ್ಲ, ಆದರೂ ಕಲಬುರಗಿಯ ತೊಗರಿ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿತು. ಅಣೆಕಟ್ಟು ನಡೆಸುವವರಿಗೆ, ಬೀಜ ದಾಸ್ತಾನು ಮಾಡುವವರಿಗೆ ಆ ಮುನ್ಸೂಚನೆ ಬೇಕು. ಐದು ಎಕರೆಯವನಿಗೆ ಪ್ರತಿ ಗುರುವಾರ ಬರುವ ನಾಲ್ಕು ವಾರಗಳ ಮುನ್ನೋಟ ಹೆಚ್ಚು ಉಪಯೋಗಿ.

ಎಷ್ಟು ದಿನ ಮುಂದಿನದನ್ನು ನಂಬಬಹುದು?

ಮೂರು ದಿನದವರೆಗೆ ಭರವಸೆಯಿಂದ, ಐದು ದಿನದವರೆಗೆ ಎಚ್ಚರದಿಂದ, ಏಳು ದಿನ ದಾಟಿದರೆ ಒಲವು ಎಷ್ಟೋ ಅಷ್ಟು. ‘15 ದಿನದ ನಂತರ ಮಧ್ಯಾಹ್ನ 3ಕ್ಕೆ ಮಳೆ’ ಎಂದು ಗಂಟೆಯ ಲೆಕ್ಕ ತೋರಿಸುವ ಆ್ಯಪ್ ಕಂಡರೆ ನಗುತ್ತ ಮುಚ್ಚಿ. ಅತ್ತ, ಮುಂದಿನ ಮೂರು ಗಂಟೆಗೆ ಇಲಾಖೆ ಕೊಡುವ ತತ್‌ಕ್ಷಣದ ಎಚ್ಚರಿಕೆಯನ್ನು ಎಂದೂ ಕಡೆಗಣಿಸಬೇಡಿ.

ನಮ್ಮ ಹಿರಿಯರಿಗೆ ಯಾವ ಉಪಗ್ರಹ ಇತ್ತು? ರೋಹಿಣಿ, ಮಿರಗ, ಆರಿದ್ರಾ ಎಂದು ಲೆಕ್ಕ ಹಾಕಿ ಬೆಳೆಯಲಿಲ್ಲವೇ?

ಬೆಳೆದರು. ನಾನೂ ಅದೇ ಲೆಕ್ಕದಲ್ಲಿ ಮಾತಾಡುತ್ತೇನೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ: ರೋಹಿಣಿ ಮೇ 25ರ ಸುಮಾರಿಗೆ, ಮಿರಗ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ. ಅಂದರೆ ಇದು ಸೂರ್ಯನ ಪಂಚಾಂಗ, ಋತುವಿನ ಜೊತೆ ನಡೆಯುತ್ತದೆ. ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎಂಬ ಮಾತು ಎಷ್ಟೋ ತಲೆಮಾರು ಕಂಡುಂಡ ಸರಾಸರಿ.

ಆದರೆ ಸರಾಸರಿ ಬೇರೆ, ಈ ವರ್ಷ ಬೇರೆ. ಆರಿದ್ರಾ ಪ್ರತಿ ವರ್ಷ ಅದೇ ದಿನ ಬರುತ್ತದೆ, ಮಳೆ ಬರುವುದಿಲ್ಲ. ಯಾವ ತಿಂಗಳಲ್ಲಿ ಏನು ಮಾಡಬೇಕೆಂದು ನಕ್ಷತ್ರ ಹೇಳಲಿ, ಯಾವ ದಿನ ಎಂಬುದನ್ನು ಮುನ್ಸೂಚನೆಗೆ ಬಿಡಿ. ಪಂಚಾಂಗದ ‘ಮಳೆಯ ವಾಹನ ಕಪ್ಪೆ, ಆದ್ದರಿಂದ ಸಮೃದ್ಧಿ’ ಎಂಬುದರ ಬಗ್ಗೆ ನನ್ನನ್ನು ಕೇಳಬೇಡಿ, ಮನೆಯಲ್ಲಿ ಜಗಳವಾಗುತ್ತದೆ.

ರಾಡಾರ್ ಚಿತ್ರದಲ್ಲಿ ಏನೂ ಇರಲಿಲ್ಲ, ಇಲ್ಲಿ ಮಳೆ ಬಂತು. ಹೇಗೆ?

ನಮ್ಮನ್ನು ನೋಡುವ ರಾಡಾರ್‌ಗಳಲ್ಲಿ ಒಂದು ಹೈದರಾಬಾದಿನಲ್ಲಿದೆ. ಅಲ್ಲಿಂದ ಬೀದರ್ ನೇರ ಗೆರೆಯಲ್ಲಿ ನೂರಹತ್ತು ಕಿಲೋಮೀಟರಿನ ಸುಮಾರು, ಕಲಬುರಗಿ ನೂರೆಪ್ಪತ್ತರ ಸುಮಾರು. ಕಿರಣ ನೇರವಾಗಿ ಹೋಗುತ್ತದೆ, ಭೂಮಿ ಬಾಗುತ್ತದೆ. ನಮ್ಮ ನೆತ್ತಿಯ ಮೇಲೆ ಬರುವಷ್ಟರಲ್ಲಿ ಕಿರಣ ಮೂರು ಕಿಲೋಮೀಟರಿಗೂ ಎತ್ತರದಲ್ಲಿರುತ್ತದೆ. ಗುಡುಗಿನ ಎತ್ತರದ ಮೋಡ ಅದಕ್ಕೆ ಸಿಗುತ್ತದೆ, ತಗ್ಗಿನಲ್ಲಿ ಜಿನುಗುವ ಮೋಡ ತಪ್ಪಿಸಿಕೊಳ್ಳುತ್ತದೆ. ಈ ವಿಷಯದಲ್ಲಿ ಬೀದರಿನವರು ನಮಗಿಂತ ಅದೃಷ್ಟವಂತರು.

ತೊಗರಿ ಹೂವಿನಲ್ಲಿದೆ, ಮೋಡ ಮುಚ್ಚಿದೆ. ಔಷಧ ಯಾವಾಗ ಹೊಡೆಯಲಿ?

ಅಕ್ಟೋಬರ್, ನವೆಂಬರಿನ ಮೋಡ ಕಂಡರೆ ನಮ್ಮವರಿಗೆ ಎದೆ ಧಸಕ್ಕೆನ್ನುತ್ತದೆ. ಕಾರಣವಿದೆ: ಮೋಡದ ದಿನಗಳಲ್ಲಿ ಹೂವು ಉದುರುತ್ತದೆ, ಕಾಯಿಕೊರಕದ ಕಾಟ ಏರುತ್ತದೆ. ಆದರೆ ಮೋಡ ನೋಡಿಯೇ ಪಂಪು ಹೆಗಲಿಗೇರಿಸಬೇಡಿ. ಸಾಲಿನ ನಡುವೆ ಬಟ್ಟೆ ಹಾಸಿ ಗಿಡ ಅಲುಗಾಡಿಸಿ, ಹುಳು ಎಷ್ಟು ಬೀಳುತ್ತವೆ ನೋಡಿ. ವಾಸನೆಯಿಂದ ಪತಂಗಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆಯಲ್ಲಿ ಅವು ಹೆಚ್ಚುತ್ತಿವೆಯೇ ನೋಡಿ.

ಹೊಡೆಯುವುದೆಂದಾದರೆ ಮುನ್ಸೂಚನೆಯಲ್ಲಿ ಮೂರನ್ನು ಹುಡುಕಿ. ಸಿಂಪಡಿಸಿದ ಮೇಲೆ ಕನಿಷ್ಠ ನಾಲ್ಕೈದು ಗಂಟೆ ಮಳೆ ಇರಬಾರದು, ಇಲ್ಲದಿದ್ದರೆ ಔಷಧ ನೆಲಕ್ಕೆ, ದುಡ್ಡು ಹಳ್ಳಕ್ಕೆ. ಗಾಳಿ ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ ಇರಬೇಕು. ಎಲೆ ಮಾತ್ರ ಅಲುಗಿದರೆ ಸರಿ, ರೆಂಬೆ ತೂಗಿದರೆ ಬೇಡ. ನಡುಹಗಲು ಬೇಡ. ಗಾಳಿಗೆ ಬೆನ್ನು ಕೊಟ್ಟು ನಡೆಯಿರಿ ಎಂಬುದನ್ನು ಬೇರೆ ಹೇಳಬೇಕೇ? ಪ್ರತಿ ವರ್ಷ ಹೇಳಬೇಕಾಗುತ್ತದೆ.

ಮಂಗಳವಾರ ಮತ್ತು ಶುಕ್ರವಾರ ಕೃಷಿ ಹವಾಮಾನ ಸಲಹೆ ಬರುತ್ತದೆ. ಅದರಲ್ಲಿ ಮುಂದಿನ ಐದು ದಿನದ ಮಳೆ, ಗಾಳಿ, ಉಷ್ಣಾಂಶದ ಜೊತೆಗೆ ಬೆಳೆವಾರು ಮಾತು ಇರುತ್ತದೆ. ಔಷಧದ ಅಂಗಡಿಯವನ ಸಲಹೆಗಿಂತ ಅದು ಒಂದು ತೂಕ ಹೆಚ್ಚು, ಏಕೆಂದರೆ ಅದು ಏನನ್ನೂ ಮಾರುತ್ತಿಲ್ಲ.

ನಮ್ಮಲ್ಲಿ ಆಕಾಶ ತಿಳಿಯಾಗಿದೆ, ಭೀಮಾ ನದಿಗೆ ಹೋಗಬೇಡಿ ಎಂದು ಡಂಗುರ ಸಾರುತ್ತಾರೆ. ಯಾಕೆ?

ಭೀಮೆಯ ನೀರಿಗೂ ಅಫಜಲಪುರದ ಆಕಾಶಕ್ಕೂ ಸಂಬಂಧ ಕಡಿಮೆ. ಭೀಮಾಶಂಕರದಲ್ಲಿ ಹುಟ್ಟಿ, ಪುಣೆ ಕಡೆಯ ನೀರು ಹೊತ್ತು, ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ದಾಟಿ ಅದು ನಮ್ಮಲ್ಲಿಗೆ ಬರುತ್ತದೆ. ಉಜನಿಯ ಕೆಳಗೆ ನೀರಾ ನದಿ ಸೇರುತ್ತದೆ, ಸೀನಾ ನದಿ ಸೇರುತ್ತದೆ. ಆದ್ದರಿಂದ ‘ಉಜನಿಯಿಂದ ಬಿಟ್ಟಿಲ್ಲವಲ್ಲ’ ಎಂದು ನಿಶ್ಚಿಂತರಾಗಿ ಕೂರುವಂತಿಲ್ಲ. ಸೀನಾ ಒಂದೇ ಸಾಕು ಪಂಪ್‌ಸೆಟ್ ಕೊಚ್ಚಿಕೊಂಡು ಹೋಗಲು.

2020ರ ಅಕ್ಟೋಬರ್ ನೆನಪಿದೆಯೇ? 13ರಂದು ಕಾಕಿನಾಡದ ಬಳಿ ದಡ ಹತ್ತಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಸುರಿದು ಮಹಾರಾಷ್ಟ್ರಕ್ಕೆ ಹೋಯಿತು. ಮಳೆ ನಿಂತಿತು ಎಂದು ಜನ ಉಸಿರು ಬಿಟ್ಟರು. ಆಮೇಲೆ, ಅಲ್ಲಿ ಸುರಿದದ್ದು ಭೀಮೆಯಲ್ಲಿ ಇಳಿದು ಬಂತು. ಒಂದೇ ಮೋಡ ಎರಡು ಸಲ ಹೊಡೆಯಿತು, ಮೊದಲು ಮೇಲಿನಿಂದ, ಆಮೇಲೆ ಪಶ್ಚಿಮದಿಂದ. ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳು ಬಿಸಿಲಿನಲ್ಲಿ ಮುಳುಗಿದವು.

ಹೀಗಾಗಿ ದಂಡೆಯವರು ನೋಡಬೇಕಾದದ್ದು ಸೊಲ್ಲಾಪುರ, ಪುಣೆ ಜಿಲ್ಲೆಗಳ ಮಳೆ ಮತ್ತು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದ ಬಿಡುವ ನೀರಿನ ಅಂಕಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿನ ಸುಮಾರು. ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ ಎಂಟೂವರೆ ಟಿಎಂಸಿ, ಅಂದರೆ ಎಂಟೂವರೆ ಶತಕೋಟಿ ಘನ ಅಡಿ ನೀರು. ಅಂಕಿಗಿಂತ ನೆನಪು ಉಪಯೋಗಕ್ಕೆ ಬರುತ್ತದೆ. ‘ಇಷ್ಟು ಕ್ಯೂಸೆಕ್ ಬಿಟ್ಟಾಗ ನಮ್ಮ ಘಾಟಿನ ಯಾವ ಮೆಟ್ಟಿಲು ಮುಳುಗಿತು’ ಎಂದು ಗೋಡೆಗೆ ಗುರುತು ಹಾಕಿಡಿ. ಮುಂದಿನ ಸಲ ಅಂಕಿ ಕೇಳಿದ ಕೂಡಲೇ ಮೋಟಾರು ಎತ್ತಬೇಕೋ ಬೇಡವೋ ಗೊತ್ತಾಗುತ್ತದೆ.

ಯಾದಗಿರಿ ಜಿಲ್ಲೆಯ ಕೃಷ್ಣಾ ದಂಡೆಯವರಿಗೆ ಆಲಮಟ್ಟಿ ಮತ್ತು ನಾರಾಯಣಪುರದ ಬಸವಸಾಗರ. ಕೊಳ್ಳೂರು ಸೇತುವೆ ದಾಟುವವರು ಮನೆ ಬಿಡುವ ಮುಂಚೆ ವಿಚಾರಿಸಲಿ. ಮಳಖೇಡ, ಸೇಡಂ ಕಡೆಯವರಿಗೆ ಕಾಗಿಣಾ. ಅದರ ಸಿಟ್ಟು ತೆಲಂಗಾಣದ ಮಳೆಯಿಂದಲೂ ಬರುತ್ತದೆ. ಬೀದರಿನವರಿಗೆ ಮಾಂಜ್ರಾ, ಕಾರಂಜಾ.

ಸಿಡಿಲು ಯಾವಾಗ ಬೀಳುತ್ತದೆ ಎಂದು ಹೇಳಲು ಬರುತ್ತದೆಯೇ?

ಯಾವ ಮರಕ್ಕೆ ಎಂದು ಬರುವುದಿಲ್ಲ. ಯಾವ ಸುತ್ತಿನಲ್ಲಿ ಎಂದು ಬರುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಮತ್ತು ನಮ್ಮ ರಾಜ್ಯದ ‘ಸಿಡಿಲು’ ಆ್ಯಪ್‌ಗಳು ಹತ್ತಿರದ ಮಿಂಚನ್ನು ತೋರಿಸುತ್ತವೆ. ಮೊಬೈಲ್ ಇಲ್ಲದಿದ್ದರೆ ಎಣಿಸಿ: ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ನೀವು ಅದರ ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದೀರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ.

ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮ ಬಯಲಿನಲ್ಲಿ ಕುರಿ ಕಾಯುವವರು ಮಳೆ ಬಂತೆಂದು ಬೇವಿನ ಮರದ ಕೆಳಗೆ ಸೇರುತ್ತಾರೆ. ಸುತ್ತ ಎರಡು ಮೈಲಿಯಲ್ಲಿ ಎತ್ತರದ ವಸ್ತು ಅದೊಂದೇ. ನೆನೆದರೆ ಶೀತವಾಗುತ್ತದೆ, ಅಷ್ಟೇ. ಮರ ಬಿಟ್ಟು ದೂರ ಬನ್ನಿ, ಕಟ್ಟಡ ಅಥವಾ ಬಾಗಿಲು ಮುಚ್ಚಿದ ವಾಹನ ಸಿಕ್ಕರೆ ಒಳಗೆ ಹೋಗಿ. ಏನೂ ಇಲ್ಲದಿದ್ದರೆ ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತು ಕಿವಿ ಮುಚ್ಚಿಕೊಳ್ಳಿ. ಮಲಗಬೇಡಿ. ಒಬ್ಬರಿಗೊಬ್ಬರು ಅಂಟಿ ನಿಲ್ಲಬೇಡಿ. ಇಲ್ಲಿ ತಾಡಪತ್ರಿಯ ಲೆಕ್ಕ ಹಾಕಲು ಹೋಗಬೇಡಿ. ನಷ್ಟದ ಖಾತೆಯಲ್ಲಿ ಬರೆಯಲಾಗದ್ದು ಇದೆ.

42 ಡಿಗ್ರಿ ಎನ್ನುತ್ತಾರೆ, ನಮ್ಮ ಬೈಕಿನ ಮೀಟರು 47 ತೋರಿಸುತ್ತದೆ. ಸರ್ಕಾರ ಮುಚ್ಚಿಡುತ್ತಿದೆಯೇ?

ಯಾರೂ ಮುಚ್ಚಿಡುತ್ತಿಲ್ಲ. ವೀಕ್ಷಣಾಲಯದ ಉಷ್ಣಮಾಪಕ ಬಿಳಿ ಬಣ್ಣದ, ಗಾಳಿಯಾಡುವ ಪಟ್ಟಿಗಳ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕಡಿ ಮೇಲೆ, ನೆರಳಿನಲ್ಲಿರುತ್ತದೆ. ನಿಮ್ಮ ಬೈಕು ಬಿಸಿಲಿನಲ್ಲಿ ಡಾಂಬರಿನ ಮೇಲಿದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಇದ್ದು, ವಾಡಿಕೆಗಿಂತ 4.5 ಡಿಗ್ರಿ ಅಥವಾ ಇನ್ನೂ ಹೆಚ್ಚಾದರೆ ‘ಶಾಖದ ಅಲೆ’. ನಮ್ಮಲ್ಲಿ ಮೇ ತಿಂಗಳ ವಾಡಿಕೆಯೇ 40ರ ಸುತ್ತ. ಹೀಗಾಗಿ 43 ಡಿಗ್ರಿಯಲ್ಲಿ ನಾವು ಬೇಯುತ್ತಿದ್ದರೂ ಕಾಗದದಲ್ಲಿ ‘ಅಲೆ’ ಇಲ್ಲದಿರಬಹುದು. ಹೆಸರಿಗೆ ಕಾಯಬೇಡಿ.

ನಾನು ಕನಿಷ್ಠ ಉಷ್ಣಾಂಶವನ್ನೂ ನೋಡುತ್ತೇನೆ. ಶಹಾಬಾದ್ ಕಲ್ಲು ಹೊದಿಸಿದ ಮನೆಗಳು ಹಗಲಿನ ಕಾವನ್ನು ನಡುರಾತ್ರಿಯವರೆಗೆ ಉಗುಳುತ್ತವೆ. ರಾತ್ರಿಯೂ ತಣಿಯದಿದ್ದರೆ ಮೂರನೆಯ ದಿನ ವಯಸ್ಸಾದವರು ಹಾಸಿಗೆ ಹಿಡಿಯುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುವುದು ಹವಾಮಾನದ ದಾಖಲೆ ನೋಡಿ ತೆಗೆದುಕೊಂಡ ತೀರ್ಮಾನವೇ. ಕಲ್ಲುಗಣಿಯಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರಿಗೂ ಅದೇ ಹೊತ್ತು ಏಕೆ ಇಲ್ಲ ಎಂದು ಯಾರೂ ನನ್ನನ್ನು ಕೇಳಿಲ್ಲ. ಕೇಳಬೇಕಿತ್ತು.

ಮೇ 10ಕ್ಕೆ ಮಗಳ ಮದುವೆ, ಕಾಕಾ. ಶಾಮಿಯಾನ ಹಾಕಿಸಲೇ, ಕಲ್ಯಾಣ ಮಂಟಪ ಹಿಡಿಯಲೇ?

ಮಂಟಪ ಹಿಡಿಯಮ್ಮ. ಮೇ ಸಂಜೆಯಲ್ಲಿ ಮಳೆಗಿಂತ ಮುಂಚೆ ಬರುವ ಬಿರುಗಾಳಿ ಶಾಮಿಯಾನದ ಗೂಟ ಕೀಳುತ್ತದೆ. ಶಾಮಿಯಾನವೇ ಆಗಬೇಕೆಂದರೆ ಊಟ ಮಧ್ಯಾಹ್ನ ಎರಡರೊಳಗೆ ಮುಗಿಸು, ಗುಡುಗು ಹೆಚ್ಚಾಗಿ ನಾಲ್ಕರ ಮೇಲೆ.

ಬೆಳೆ ನೀರಿನಲ್ಲಿ ನಿಂತಿದೆ. ವಿಮೆಗೆ ಏನು ಮಾಡಬೇಕು?

ಗಡಿಯಾರ ನೋಡಿ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಜಲಾವೃತದಂಥ ಸ್ಥಳೀಯ ವಿಕೋಪಕ್ಕೆ 72 ಗಂಟೆಯೊಳಗೆ ದೂರು ದಾಖಲಿಸಬೇಕು. ಕೊಯ್ದು ಹೊಲದಲ್ಲಿ ಹರವಿದ ಬೆಳೆ ಅಕಾಲಿಕ ಮಳೆಗೆ ಸಿಕ್ಕರೆ ಕೊಯ್ಲಿನಿಂದ 14 ದಿನದವರೆಗೆ ರಕ್ಷಣೆ ಇದೆ, ಅಲ್ಲೂ 72 ಗಂಟೆಯ ನಿಯಮವೇ. ಸಹಾಯವಾಣಿ 14447. ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ನೀರು ನಿಂತಿರುವಾಗಲೇ ಫೋಟೊ ತೆಗೆಯಿರಿ, ರೈತ ಸಂಪರ್ಕ ಕೇಂದ್ರಕ್ಕೂ ತಿಳಿಸಿ. ನಮ್ಮೂರಿನ ಒಬ್ಬರು ಅಮಾವಾಸ್ಯೆ ಕಳೆಯಲಿ ಎಂದು ಕಾದರು. ನಾಲ್ಕನೆಯ ದಿನ ಹೋದಾಗ ಪೋರ್ಟಲ್ ತೆಗೆದುಕೊಳ್ಳಲಿಲ್ಲ.

ಕೊನೆಗೆ, ಯಾವ ಆ್ಯಪ್ ಹಾಕಿಕೊಳ್ಳಲಿ?

ಬೆಳೆಯ ಸಲಹೆಗೆ ‘ಮೇಘದೂತ್’, ಅದು ಕನ್ನಡದಲ್ಲೂ ಇದೆ. ಊರಿನ ಹವೆಗೆ ಇಲಾಖೆಯದೇ ‘ಮೌಸಮ್’. ಸಿಡಿಲಿಗೆ ಮೇಲೆ ಹೇಳಿದ ಎರಡರಲ್ಲಿ ಒಂದು. ಮೊಬೈಲ್ ಒಗ್ಗದವರು ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಊರಿನ ಹೆಸರು ಹೇಳಿದರೆ ಸಾಕು. ನಾಲ್ಕು ಆ್ಯಪ್ ಹಾಕಿಕೊಂಡು ತಮಗೆ ಬೇಕಾದ ಉತ್ತರ ಕೊಡುವುದನ್ನು ಆರಿಸಿಕೊಳ್ಳುವವರೂ ಇದ್ದಾರೆ. ಅವರಿಗೆ ನನ್ನ ಬಳಿ ಮದ್ದಿಲ್ಲ.

ಜೋರು ಗಾಳಿ ಬಿಟ್ಟೊಡನೆ ನಮ್ಮಲ್ಲಿ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಸಿಗ್ನಲ್ಲು. ಆದ್ದರಿಂದ ಬೆಳಿಗ್ಗೆ ಚಹಾ ಕುಡಿಯುವಾಗಲೇ ನೋಡಿಬಿಡಿ. ಮನೆಯಲ್ಲಿ ಸೆಲ್ ಹಾಕುವ ಒಂದು ರೇಡಿಯೊ ಇರಲಿ. ನನ್ನದು ಮಳೆಮಾಪಕದ ಪುಸ್ತಕದ ಪಕ್ಕದಲ್ಲೇ ಇದೆ, ಕಲಬುರಗಿ ಆಕಾಶವಾಣಿಗೆ ಮುಳ್ಳು ಕೂರಿಸಿಟ್ಟಿದ್ದೇನೆ.